ಬಿಳಿ ರೆಕ್ಕೆಯ ನವಿಲುಮರಿ: ಬಣ್ಣ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ನಾಗಮಂಗಲ ತಾಲ್ಲೂಕು, ಆದಿಚುಂಚನಗಿರಿ ಬೆಟ್ಟದ ಆಸುಪಾಸಿನ ಹಳ್ಳಿ. ತೆಂಗಿನ ತೋಟಕ್ಕೆ, ರಾಗಿ ಹೊಲಕ್ಕೆ ನವಿಲು ಬರುವುದು ನಮಗೆ ಹೊಸದಲ್ಲ. ಆದರೆ ಈ ಸಲ ಒಂದು ಹೆಣ್ಣು ನವಿಲಿನ ಹಿಂದೆ ಓಡಾಡುವ ನಾಲ್ಕು ಮರಿಗಳಲ್ಲಿ ಒಂದಕ್ಕೆ ಎರಡೂ ರೆಕ್ಕೆಯ ತುದಿಯಲ್ಲಿ ಬಿಳಿ ಗರಿ ಮೂಡಿದೆ. ಗಂಟಲ ಕೆಳಗೂ ಒಂದು ಬಿಳಿ ಮಚ್ಚೆ. ಊರಲ್ಲಿ ತಲೆಗೊಂದು ಮಾತು. ತೊನ್ನು ಹತ್ತಿದೆ ಅಂತ ಕೆಲವರು, ಮೈಸೂರು ಜೂನಿಂದ ತಪ್ಪಿಸಿಕೊಂಡು ಬಂದ ಬಿಳಿ ನವಿಲಿನ ಸಂತಾನ ಅಂತ ಇನ್ನು ಕೆಲವರು, ಬೆಳೀತಾ ಬೆಳೀತಾ ಪೂರ್ತಿ ಬೆಳ್ಳಗಾಗುತ್ತೆ ಅಂತ ನಮ್ಮ ಭಾವಮೈದ. ಯಾವುದು ನಿಜ? ಮುಂದೆ ಇದಕ್ಕೆ ಹುಟ್ಟುವ ಮರಿಗಳಿಗೂ ಮಚ್ಚೆ ಬರುತ್ತದೆಯೇ? ನವಿಲಿನ ಬಣ್ಣ ತಂದೆಯಿಂದ ಮಾತ್ರ ಬರುತ್ತದೆಯೋ, ತಾಯಿಗೂ ಪಾಲಿದೆಯೋ? ಮಗಳು ಫೋನಿನಲ್ಲಿ ನೇರಳೆ ನವಿಲು, ಕೆಂಪು ನವಿಲು ತೋರಿಸುತ್ತಾಳೆ. ಅವೂ ನಿಜವೇ?

ಉತ್ತರ: ನಿಮ್ಮ ಭಾವಮೈದನ ಮಾತಿನಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಉತ್ತರ ಸುಲಭ. ಈ ಮರಿ ಪೂರ್ತಿ ಬಿಳಿಯಾಗುವುದಿಲ್ಲ. ಬಿಳಿ ನವಿಲು ಮೊಟ್ಟೆಯಿಂದ ಹೊರಬರುವಾಗಲೇ ಬೇರೆಯಾಗಿ ಕಾಣುತ್ತದೆ. ಮೈತುಂಬ ತಿಳಿಹಳದಿ ತುಪ್ಪುಳ, ಮೂಡುವ ರೆಕ್ಕೆಗರಿ ಅಚ್ಚ ಬಿಳಿ, ಎಲ್ಲೂ ಕಂದಿನ ಸುಳಿವಿಲ್ಲ. ನಿಮ್ಮ ಮರಿ ಉಳಿದ ಮೂರರ ಹಾಗೆಯೇ ಕಂದು ಮೈಯದ್ದು ಎಂದುಕೊಂಡಿದ್ದೇನೆ. ಬಿಳಿ ಇರುವುದು ರೆಕ್ಕೆ ತುದಿಯಲ್ಲಿ, ಗಂಟಲಲ್ಲಿ. ಗಂಡಾದರೆ ಅದು ಎಲ್ಲ ಗಂಡುಗಳಂತೆ ನೀಲಿಯಾಗುತ್ತದೆ, ಹೆಣ್ಣಾದರೆ ಕಂದಾಗುತ್ತದೆ. ಆ ಬಿಳಿ ಗರಿಗಳು ಮಾತ್ರ ಇದ್ದಲ್ಲೇ ಇರುತ್ತವೆ.

ತೊನ್ನಿನ ಮಾತಿಗೆ ಬಂದರೆ, ತೊನ್ನು ಎಂದರೆ ಮೊದಲು ಇದ್ದ ಬಣ್ಣ ಆಮೇಲೆ ಹೋಗುವುದು. ಹಕ್ಕಿಗಳಲ್ಲೂ ವಯಸ್ಸಾಗುತ್ತ ಒಂದೊಂದೇ ಗರಿ ಬೆಳ್ಳಗಾಗುವುದುಂಟು. ಆದರೆ ಮೊದಲ ಗರಿ ಮೂಡುವಾಗಲೇ ಬಿಳಿಯಾಗಿದ್ದರೆ ಅದು ಆ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೆರಡು ಕಾರಣಗಳನ್ನು ನೋಡಿ ತಳ್ಳಿಹಾಕಬೇಕು. ಒಂದು, ಗರಿ ಹುಟ್ಟುವ ಗುಳಿಗೆ ಪೆಟ್ಟಾಗಿದ್ದರೆ ಅಲ್ಲಿ ಮುಂದೆ ಬರುವ ಗರಿ ಬಿಳಿಯಾಗಬಹುದು. ಇನ್ನೊಂದು ಮೇವಿನ ಕೊರತೆ. ಲೈಸಿನ್ ಎಂಬ ಅಮೈನೋ ಆಮ್ಲ ಸಾಲದೆ ಬೆಳೆದ ಕಂಚುಬಣ್ಣದ ಟರ್ಕಿ ಕೋಳಿಗಳ ರೆಕ್ಕೆಯಲ್ಲಿ ಬಿಳಿ ಪಟ್ಟೆ ಬೀಳುವುದು ಕೋಳಿ ಸಾಕಣೆ ಓದಿದವರಿಗೆಲ್ಲ ಗೊತ್ತು. ಆದರೆ ಪೆಟ್ಟು ಎರಡೂ ರೆಕ್ಕೆಗೆ ಸಮವಾಗಿ ಬೀಳುವುದಿಲ್ಲ. ಮೇವಿನ ಕೊರತೆಯೂ ಒಂದೇ ತಾಯಿಯ ಹಿಂದೆ ಮೇಯುವ ನಾಲ್ಕರಲ್ಲಿ ಒಂದನ್ನೇ ಹುಡುಕಿ ಹಿಡಿಯುವುದಿಲ್ಲ. ಎರಡೂ ಬದಿ ಸಮ, ಜೊತೆಗೆ ಗಂಟಲ ಮಚ್ಚೆ ಎನ್ನುತ್ತೀರಿ. ಹಾಗಿದ್ದರೆ ಇದು ಹುಟ್ಟಿನಿಂದಲೇ ಬಂದದ್ದು. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಗಂಡು ನವಿಲಿನ ಹಾರುಗರಿಗಳು ಸಹಜವಾಗಿಯೇ ಇಟ್ಟಿಗೆಗೆಂಪು. ರೆಕ್ಕೆ ಬಿಚ್ಚಿದಾಗ ಓರೆ ಬಿಸಿಲಲ್ಲಿ ಅವು ಮಾಸಲು ಬಿಳಿಯಂತೆ ಕಂಡು ಮೋಸಹೋದವರಿದ್ದಾರೆ. ಬೆಳಗಿನ ಹೊತ್ತು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಹುಟ್ಟಿನಿಂದ ಬಂದದ್ದು ಏನು ಎಂದು ತಿಳಿಯಲು, ನವಿಲಿನ ನೀಲಿ ಏನೆಂಬುದು ಮೊದಲು ಗೊತ್ತಾಗಬೇಕು. ತೋಟದಲ್ಲಿ ಉದುರಿದ ಸೋಗೆಗರಿ ಸಿಕ್ಕರೆ ಅದರ ಕಣ್ಣಿನ ನೀಲಿ ಭಾಗವನ್ನು ಕತ್ತರಿಸಿ ಕಲ್ಲಲ್ಲಿ ನುಣ್ಣಗೆ ಅರೆದು ನೋಡಿ. ನೀಲಿ ಪುಡಿ ಬರುವುದಿಲ್ಲ, ಕಂದು ಪುಡಿ ಬರುತ್ತದೆ. ನವಿಲಿನ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ, ಹಸಿರಿನದೂ ಇಲ್ಲ. ಇರುವುದು ಮೆಲನಿನ್, ನಮ್ಮ ಕೂದಲಿಗೆ ಕಪ್ಪು ಕೊಡುವ ಅದೇ ವಸ್ತು. ಮಳೆ ನಿಂತ ಮೇಲೆ ರಸ್ತೆಯ ನೀರಿನ ಮೇಲೆ ತೇಲುವ ಡೀಸೆಲ್ ಏಳು ಬಣ್ಣ ತೋರಿಸುತ್ತದಲ್ಲ, ಡೀಸೆಲ್‌ಗೆ ಆ ಯಾವ ಬಣ್ಣವೂ ಇಲ್ಲ, ನವಿಲಿನ ಗರಿಯ ಆಟವೂ ಅದೇ ಜಾತಿಯದು. ಗರಿಯ ಎಳೆಗೆ ಅಂಟಿಕೊಂಡ ಇನ್ನೂ ಸಣ್ಣ ಎಳೆಗಳ ಒಳಗೆ ಮೆಲನಿನ್‌ನ ಅತಿ ಸಣ್ಣ ಕಡ್ಡಿಗಳು ಸಾಲುಸಾಲಾಗಿ, ಅಳತೆಯ ಅಂತರದಲ್ಲಿ ನಿಂತಿರುತ್ತವೆ. ಅವುಗಳನ್ನು ಹಿಡಿದಿಡುವುದು ಉಗುರಿನಲ್ಲಿರುವಂಥ ಕೆರಾಟಿನ್. ಬೆಳಕು ಈ ಸಾಲುಗಳಿಗೆ ತಾಗಿ ಮರಳುವಾಗ ಅಂತರಕ್ಕೆ ತಕ್ಕ ಬಣ್ಣ ಮಾತ್ರ ಬಲಗೊಂಡು ಹೊರಬರುತ್ತದೆ. ಶಾಂಘೈನ ಫುದಾನ್ ವಿಶ್ವವಿದ್ಯಾಲಯದವರು 2003ರಲ್ಲಿ ಈ ಅಂತರವನ್ನು ಅಳೆದು ಪ್ರಕಟಿಸಿದರು. ನೀಲಿ ಎಳೆಯಲ್ಲಿ ಸುಮಾರು 140 ನ್ಯಾನೋಮೀಟರ್, ಹಸಿರಿನಲ್ಲಿ 150, ಹಳದಿಯಲ್ಲಿ 165ರ ಆಸುಪಾಸು. ಕತ್ತಿನ ನೀಲಿಗೂ ಸೋಗೆಯ ಹಸಿರಿಗೂ ನಡುವೆ ಇರುವುದು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು.

ಇದರ ಸುಳಿವು ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲೇ ನವಿಲುಗರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ನೀರು ತಾಗಿಸಿದರೆ ಬಣ್ಣ ಮಾಯವಾಗುವುದನ್ನು ಬರೆದಿಟ್ಟಿದ್ದ. ನಮ್ಮ ರಾಜ್ಯಪಕ್ಷಿ ನೀಲಕಂಠದ ನೀಲಿಯೂ ಬಣ್ಣದ ವಸ್ತುವಿನಿಂದ ಬಂದದ್ದಲ್ಲ. ಸಿ.ವಿ. ರಾಮನ್ ಬೆಂಗಳೂರಿಗೆ ಬಂದ ಮೇಲೆ, 1930ರ ದಶಕದಲ್ಲಿ ಆ ಹಕ್ಕಿಯ ಗರಿಯ ಮೇಲೆಯೇ ಒಂದು ಲೇಖನ ಬರೆದರು. ಆ ಕಥೆ ಇಲ್ಲಿ ಬೇಡ, ಬಿಟ್ಟರೆ ಅದೇ ಎರಡು ಪುಟವಾಗುತ್ತದೆ.

ನಮಗೆ ಇಲ್ಲಿ ಬೇಕಾದದ್ದು ಇಷ್ಟು: ನವಿಲಿನ ಬಣ್ಣ ಕೆಡಿಸಬೇಕಾದರೆ ನೀಲಿಯನ್ನು ಮುಟ್ಟಬೇಕಿಲ್ಲ, ಮೆಲನಿನ್ ಅನ್ನು ಮುಟ್ಟಿದರೆ ಸಾಕು. ಅದು ಕಡಿಮೆಯಾದರೆ, ಕಡ್ಡಿಗಳ ಸಾಲು ಕದಲಿದರೆ, ಅಥವಾ ಮೆಲನಿನ್ ಮಾಡುವ ಜೀವಕೋಶ ಗರಿಯ ಬುಡಕ್ಕೆ ಬಂದು ಸೇರದಿದ್ದರೆ ಬಣ್ಣ ಬದಲು. ನಿಮ್ಮ ಮರಿಯದ್ದು ಈ ಕೊನೆಯ ಬಗೆ. ಮೊಟ್ಟೆಯೊಳಗೆ ಪಿಂಡ ಬೆಳೆಯುವಾಗ ಈ ಜೀವಕೋಶಗಳು ಬೆನ್ನಿನ ನಡುಗೆರೆಯ ಬಳಿ ಹುಟ್ಟಿ ಅಲ್ಲಿಂದ ಚರ್ಮದ ಉದ್ದಗಲಕ್ಕೂ ಸಾಗುತ್ತವೆ. ಸಾಗಣೆಯಲ್ಲಿ ಕೊರತೆಯಾದರೆ ಮೊದಲು ಖಾಲಿ ಉಳಿಯುವುದು ಬೆನ್ನಿನಿಂದ ದೂರದ ತಾಣಗಳು, ಎಂದರೆ ರೆಕ್ಕೆಯ ತುದಿ, ಗಂಟಲು, ಹೊಟ್ಟೆ. ದನದ ಹಣೆಯ ಬಿಳಿ, ಬೆಕ್ಕಿನ ಕಾಲಿನ ಬಿಳಿ ಕೂಡ ಹೀಗೇ ಬಂದವು. ಮರಿಯ ಮೈಮೇಲೆ ಬಿಳಿ ಎಲ್ಲೆಲ್ಲಿದೆ ಎಂದು ನೀವು ಬರೆದದ್ದನ್ನು ಓದಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಪೂರ್ತಿ ಬಿಳಿ ನವಿಲಿನಲ್ಲಿ ಈ ಕೊರತೆ ಮೈಪೂರ್ತಿ. ಇದನ್ನು ಲ್ಯೂಸಿಸಂ ಎನ್ನುತ್ತಾರೆ. ಆಲ್ಬಿನೋ ಎಂದು ಪತ್ರಿಕೆಗಳಲ್ಲಿ ಬರುವುದು ತಪ್ಪು. ಆಲ್ಬಿನೋ ಆದರೆ ಜೀವಕೋಶ ಇದ್ದೂ ಮೆಲನಿನ್ ಮಾಡಲು ಬಾರದು, ಹಾಗಾಗಿ ಕಣ್ಣೂ ಕೆಂಪು. ಮೈಸೂರು ಮೃಗಾಲಯಕ್ಕೆ ಹೋದಾಗ ಬಿಳಿ ನವಿಲಿನ ಕಣ್ಣನ್ನು ಗಮನಿಸಿ, ಕೆಂಪಿರುವುದಿಲ್ಲ. ಕಣ್ಣಿನ ಹಿಂಪದರದ ಮೆಲನಿನ್ ಬೇರೆ ಮೂಲದಿಂದ ಬರುತ್ತದೆ, ಚರ್ಮದ ಕೊರತೆ ಅದನ್ನು ತಟ್ಟುವುದಿಲ್ಲ. ಇನ್ನೊಂದು ಸೊಗಸಿದೆ. ಬಿಳಿ ಗಂಡು ಸೋಗೆ ಬಿಚ್ಚಿದಾಗ ಹತ್ತಿರ ನಿಂತು ನೋಡಿದರೆ ಬಿಳಿಯ ಮೇಲೆ ಬಿಳಿಯಾಗಿಯೇ ಕಣ್ಣುಗಳ ಗುರುತು ಮಬ್ಬಾಗಿ ಕಾಣುತ್ತದೆ. ಗರಿಯ ವಿನ್ಯಾಸ ಹಾಕುವ ಕೆಲಸ ನಡೆದೇ ಇರುತ್ತದೆ, ತುಂಬಲು ಮೆಲನಿನ್ ಮಾತ್ರ ಇಲ್ಲ.

ಈಗ ವಂಶದ ಲೆಕ್ಕ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಪ್ರತಿ ಜೀನಿನ ಎರಡು ಪ್ರತಿ ನವಿಲಿನಲ್ಲಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಬಿಳಿ ತರುವ ಜೀನಿನ ಸ್ಥಾನದಲ್ಲಿ ಎರಡೂ ಸಾದಾ ಪ್ರತಿಯಾದರೆ ಹಕ್ಕಿ ನಮ್ಮ ಮಾಮೂಲಿ ನೀಲಿ ನವಿಲು. ಎರಡೂ ಬಿಳಿ ಪ್ರತಿಯಾದರೆ ಪೂರ್ತಿ ಬಿಳಿ. ಒಂದು ಬಿಳಿ, ಒಂದು ಸಾದಾ ಆದರೆ? ಶಾಲೆಯಲ್ಲಿ ಮೆಂಡೆಲ್‌ನ ಬಟಾಣಿ ಓದಿದವರು ಪ್ರಬಲವಾದದ್ದೇ ಗೆಲ್ಲುತ್ತದೆ, ಇನ್ನೊಂದು ಅಡಗಿ ಕೂರುತ್ತದೆ ಎನ್ನುತ್ತಾರೆ. ಇಲ್ಲಿ ಹಾಗಿಲ್ಲ. ಸಾದಾ ಪ್ರತಿ ಗೆದ್ದರೂ ಪೂರ್ತಿ ಗೆಲ್ಲುವುದಿಲ್ಲ. ಹಕ್ಕಿ ನೀಲಿಯಾಗಿಯೇ ಬೆಳೆಯುತ್ತದೆ, ಆದರೆ ಹೆಚ್ಚಿನವುಗಳಲ್ಲಿ ರೆಕ್ಕೆಯ ಕೆಲವು ಹಾರುಗರಿ ಬಿಳಿ, ಗಂಟಲ ಕೆಳಗೆ ಒಂದು ಬಿಳಿ ಚುಕ್ಕೆ. ನೀವು ಬರೆದ ಮರಿಗೆ ಈ ವರ್ಣನೆ ಚೆನ್ನಾಗಿ ಹೊಂದುತ್ತದೆ. ಮೈಸೂರು, ಬೆಂಗಳೂರಿನಲ್ಲಿ ಲವ್‌ಬರ್ಡ್ ಸಾಕುವ ಹುಡುಗರು ಇಂಥದ್ದನ್ನು ‘ಸ್ಪ್ಲಿಟ್’ ಎನ್ನುತ್ತಾರೆ. ಹೊರಗೆ ಒಂದು ಬಣ್ಣ, ಒಳಗೆ ಇನ್ನೊಂದರ ಒಂದು ಪ್ರತಿ.

ಮಚ್ಚೆಯ ನವಿಲು, ಎಂದರೆ ಮೈಮೇಲೆ ದೊಡ್ಡ ದೊಡ್ಡ ಬಿಳಿ ತೇಪೆ ಹಾಕಿದಂತಿರುವ ‘ಪೈಡ್’, ಬೇರೆಯೇ ಸಂಗತಿ. ಅದರಲ್ಲಿ ಒಂದು ಬಿಳಿ ಪ್ರತಿ ಇರುತ್ತದೆ, ಆದರೆ ಜೊತೆಗಿರುವುದು ಸಾದಾ ಪ್ರತಿಯಲ್ಲ, ಪೈಡ್ ಎಂಬ ಮೂರನೆಯ ಪ್ರತಿ. ಬಿಳಿ, ಪೈಡ್, ಸಾದಾ ಮೂರೂ ಒಂದೇ ಸ್ಥಾನಕ್ಕೆ ಪೈಪೋಟಿ ಮಾಡುವ ರೂಪಗಳು. ಹಕ್ಕಿಗೆ ಇರುವುದು ಎರಡೇ ಜಾಗ. ಎರಡೂ ಪೈಡ್ ಪ್ರತಿಯೇ ಆದರೆ ಬಿಳಿ ತೀರ ಕಡಿಮೆ, ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ಗರಿ. ಇದನ್ನು ‘ಡಾರ್ಕ್ ಪೈಡ್’ ಎನ್ನುತ್ತಾರೆ. ಆದ್ದರಿಂದ ಎರಡು ಮಚ್ಚೆ ನವಿಲುಗಳನ್ನು ಕೂಡಿಸಿದರೆ ಎಲ್ಲ ಮರಿಗಳೂ ಮಚ್ಚೆಯವಾಗುವುದಿಲ್ಲ. ಸರಾಸರಿ 4ರಲ್ಲಿ 1 ಪೂರ್ತಿ ಬಿಳಿ, 2 ಮಚ್ಚೆ, 1 ಡಾರ್ಕ್ ಪೈಡ್.

ಜನ ನಂಬದೆ ವಾದಕ್ಕೆ ನಿಲ್ಲುವುದು ಇದಕ್ಕೂ ಮುಂದಿನ ಮಾತಿಗೆ. ಮಚ್ಚೆ ನವಿಲನ್ನು ಮಾಮೂಲಿ ನೀಲಿ ನವಿಲಿನ ಜೊತೆ ಕೂಡಿಸಿದರೆ ಮಚ್ಚೆಯ ಮರಿ ಒಂದೂ ಹುಟ್ಟುವುದಿಲ್ಲ. ಯಾಕೆಂದರೆ ಮಚ್ಚೆಗೆ ಬಿಳಿ ಮತ್ತು ಪೈಡ್ ಎರಡೂ ಬೇಕು, ಮರಿಗೆ ಆ ತಂದೆಯಿಂದ ಸಿಗುವುದು ಎರಡರಲ್ಲಿ ಒಂದೇ. ಇನ್ನೊಂದು ಜಾಗವನ್ನು ತಾಯಿಯ ಸಾದಾ ಪ್ರತಿ ಹಿಡಿದಿರುತ್ತದೆ. ಅರ್ಧ ಮರಿಗಳು ಬಿಳಿಗೆ ಸ್ಪ್ಲಿಟ್, ಇನ್ನರ್ಧ ಪೈಡ್‌ಗೆ ಸ್ಪ್ಲಿಟ್. ನೋಡಲು ಹೆಚ್ಚುಕಡಿಮೆ ಎಲ್ಲವೂ ನೀಲಿ. ಮಚ್ಚೆ ಎಲ್ಲಿ ಹೋಯಿತು ಎಂದು ಸಾಕಿದವನು ತಲೆ ಕೆರೆದುಕೊಳ್ಳುತ್ತಾನೆ. ಎಲ್ಲೂ ಹೋಗಿಲ್ಲ, ಎರಡು ಪಾಲಾಗಿ ಬೇರೆಬೇರೆ ಮಕ್ಕಳಲ್ಲಿ ಕೂತಿದೆ. ಆ ಮಕ್ಕಳಲ್ಲಿ ಒಂದೊಂದು ಪಾಲಿನವು ಕೂಡಿದರೆ ಮೊಮ್ಮಕ್ಕಳಲ್ಲಿ ಮತ್ತೆ ಮೈದುಂಬಿ ಬರುತ್ತದೆ. ಅಮೆರಿಕದ ಸೋಮ್ಸ್ ಮತ್ತು ಬರ್ಗರ್ ನವಿಲಿನ ಬಣ್ಣದ ಅನುವಂಶಿಕತೆಯ ಬಗ್ಗೆ 1991 ಮತ್ತು 1993ರಲ್ಲಿ ಎರಡು ಪ್ರಬಂಧ ಬರೆದರು. ಬಿಳಿ ಮತ್ತು ಪೈಡ್ ವಿಷಯ ಎರಡನೆಯದರಲ್ಲಿದೆ. ಅದಕ್ಕೂ ಮುಂಚೆ ಸಾಕುವವರ ನಡುವೆ ಈ ವಿಷಯದಲ್ಲಿ ಇದ್ದದ್ದು ಬಹುಮಟ್ಟಿಗೆ ಬಾಯಿಮಾತು.

ಹಾಗಾದರೆ ನಿಮ್ಮ ಮರಿಯ ಮರಿಗಳು? ಅದು ಬಿಳಿಗೆ ಸ್ಪ್ಲಿಟ್ ಎಂದುಕೊಂಡು, ಮಾಮೂಲಿ ನವಿಲಿನ ಜೊತೆ ಕೂಡಿತೆನ್ನಿ. ಅರ್ಧ ಮರಿಗಳು ಪೂರ್ತಿ ಸಾದಾ, ಇನ್ನರ್ಧ ಇದರ ಹಾಗೆಯೇ ಬಿಳಿ ರೆಕ್ಕೆಯವು. ಬಿಳಿ ಮರಿ ಹುಟ್ಟುವುದಿಲ್ಲ. ಬಿಳಿ ಹುಟ್ಟಬೇಕಾದರೆ ಇಂಥವೇ ಎರಡು ಕೂಡಬೇಕು, ಆಗಲೂ 4ಕ್ಕೆ 1. ಅರ್ಧ, ಕಾಲು ಎಂಬ ಈ ಲೆಕ್ಕ ನೂರಾರು ಮರಿಗಳ ಮೇಲೆ ಕೂಡಿ ಬರುವಂಥದ್ದು. ನಾಲ್ಕೈದು ಮೊಟ್ಟೆಯ ಒಂದು ಗೂಡಿನಲ್ಲಿ ನಾಲ್ಕೂ ಸಾದಾ ಆಗಿ ಹುಟ್ಟಿದರೆ ಲೆಕ್ಕ ಸುಳ್ಳಾಯಿತು ಎಂದು ತಿಳಿಯಬೇಡಿ.

ಇದೇ ಲೆಕ್ಕ ಇಟ್ಟುಕೊಂಡು ಮೃಗಾಲಯದ ಮಾತನ್ನೂ ಪರೀಕ್ಷಿಸಬಹುದು. ಮೈಸೂರಿನ ಮೃಗಾಲಯ 1892ರಿಂದ ಇದೆ, ಬಿಳಿ ನವಿಲೂ ಅಲ್ಲಿದೆ. ಆದರೆ ನವಿಲು ಊರೂರು ಅಲೆಯುವ ಹಕ್ಕಿಯಲ್ಲ. ತನ್ನ ಕುರುಚಲು, ತನ್ನ ಮರ, ತನ್ನ ನೀರು ಎಂದು ಒಂದೇ ಸುತ್ತಿನಲ್ಲಿ ಬದುಕುತ್ತದೆ. ಮೈಸೂರಿಂದ ನಾಗಮಂಗಲ ದಾಟಿ ಬರುವ ದೂರ ಅದರ ಬದುಕಿನದ್ದಲ್ಲ. ಮೃಗಾಲಯವನ್ನು ಎಳೆದು ತರುವ ಅಗತ್ಯವೂ ಇಲ್ಲ. ಒಂದು ಬಯಲಿನ ನವಿಲುಗಳಲ್ಲಿರುವ ಈ ಜೀನಿನ ಪ್ರತಿಗಳಲ್ಲಿ 100ಕ್ಕೆ 1 ಬಿಳಿ ಪ್ರತಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಎರಡೂ ಬಿಳಿ ಪ್ರತಿ ಒಂದೇ ಹಕ್ಕಿಯಲ್ಲಿ ಸೇರುವುದು 10,000ಕ್ಕೆ 1. ಒಂದೇ ಬಿಳಿ ಪ್ರತಿ ಹೊತ್ತು ತಿರುಗುವ ಹಕ್ಕಿ 100ಕ್ಕೆ ಹತ್ತಿರ ಹತ್ತಿರ 2. ಅಂದರೆ ಒಂದು ಪೂರ್ತಿ ಬಿಳಿ ನವಿಲಿಗೆ ಸುಮಾರು 200 ಸ್ಪ್ಲಿಟ್‌ಗಳು. ಬಿಳಿ ನವಿಲನ್ನು ಜನ್ಮದಲ್ಲಿ ಕಾಣದ ಊರಿನಲ್ಲೂ ಅದರ ಜೀನು ತಲೆತಲಾಂತರದಿಂದ ಓಡಾಡಿಕೊಂಡಿರಬಹುದು. ಹೊರಗೆ ಕಾಣುವುದು ಅಪರೂಪಕ್ಕೆ ಒಂದು ಬಿಳಿ ರೆಕ್ಕೆಗರಿ, ಅದೂ ಹಕ್ಕಿ ರೆಕ್ಕೆ ಬಿಚ್ಚಿದಾಗ, ಅದೂ ನಿಮ್ಮಂಥವರು ನೋಡಿದರೆ. ಕಾಡಿನಲ್ಲಿ ಪೂರ್ತಿ ಬಿಳಿ ಹುಟ್ಟಿದರೂ ಉಳಿಯುವುದು ಕಷ್ಟ. ಕಂದು ಮರಿ ಒಣಹುಲ್ಲಿನಲ್ಲಿ ಕೂತರೆ ಕಾಣುವುದಿಲ್ಲ, ಬಿಳಿ ಮರಿ ಗಿಡುಗಕ್ಕೂ ನಾಯಿಗೂ ದೂರದಿಂದಲೇ ಕಾಣುತ್ತದೆ.

ತಾಯಿಯ ಪಾಲಿನ ಪ್ರಶ್ನೆ ನನಗೆ ತುಂಬ ಹಿಡಿಸಿತು. ಇಷ್ಟು ಅಂದದ ಸೋಗೆ ಗಂಡಿಗೆ ಮಾತ್ರ ಇದೆ ಎಂದ ಮೇಲೆ ಅದು ಅಪ್ಪನಿಂದಲೇ ಬಂದಿರಬೇಕು ಎಂದುಕೊಳ್ಳುವುದು ಸಹಜ. ಹಾಗಲ್ಲ. ಸೋಗೆ ಮಾಡುವ ಜೀನುಗಳು ಹೆಣ್ಣಿನಲ್ಲೂ ಪೂರ್ತಿ ಇವೆ, ಅಂಡಾಶಯದಿಂದ ಬರುವ ಈಸ್ಟ್ರೋಜನ್ ಅವುಗಳನ್ನು ತಡೆದಿಟ್ಟಿರುತ್ತದೆ. ಅಂಡಾಶಯ ಕೆಟ್ಟರೆ ಅಥವಾ ಮುದಿಯಾಗಿ ಬತ್ತಿದರೆ ಮುಂದಿನ ಸಲ ಗರಿ ಉದುರಿ ಹೊಸದು ಬರುವಾಗ ಹೆಣ್ಣು ನವಿಲಿಗೆ ಗಂಡಿನ ಗರಿ ಮೂಡುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1780ರಲ್ಲಿ ಇಂಥದ್ದೊಂದನ್ನು ದಾಖಲಿಸಿದ. ಶ್ರೀಮಂತ ಮಹಿಳೆಯೊಬ್ಬರು ಅಕ್ಕರೆಯಿಂದ ಸಾಕಿದ್ದ ಹೆಣ್ಣು ನವಿಲು ಎಂಟು ಸಲ ಮರಿ ಮಾಡಿತ್ತು. ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ ಗರಿ ಬದಲಿಸಿದಾಗ ಗಂಡಿನ ಗರಿ ತೊಟ್ಟು ಮನೆಯವರನ್ನೆಲ್ಲ ಬೆರಗುಗೊಳಿಸಿತು. ಸ್ವಾರಸ್ಯವೆಂದರೆ ಅದೊಂದು ಮಚ್ಚೆಯ ನವಿಲು, ಗಂಡುಗರಿ ಬಂದಾಗಲೂ ಮಚ್ಚೆಯ ಗಂಡಿನಂತೆಯೇ ಕಂಡಿತಂತೆ. ಹಾರ್ಮೋನ್ ಗರಿಯ ಠೀವಿಯನ್ನು ಬದಲಿಸಿತು, ಬಿಳಿ ತೇಪೆಗಳ ಜೀನು ತನ್ನ ಪಾಡಿಗೆ ತಾನಿತ್ತು. ಈ ಎರಡು ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ. ನಿಮ್ಮ ಮರಿಯ ಬಿಳಿ ಪ್ರತಿಯೂ ತಾಯಿಯದೇ ಆಗಿರಬಹುದು, ಆಕೆಯ ರೆಕ್ಕೆಯನ್ನೂ ಒಮ್ಮೆ ಗಮನಿಸಿ. ತಂದೆಯನ್ನು ಹುಡುಕುವ ಶ್ರಮ ಬೇಡ. ನವಿಲಿನಲ್ಲಿ ಮರಿ ಸಾಕುವುದು ತಾಯಿ ಒಬ್ಬಳೇ, ಆ ಗಂಡು ಯಾವುದೆಂದು ಹೇಳಲು ಬಾರದು.

ತಂದೆತಾಯಿಯ ಪಾಲು ನಿಜಕ್ಕೂ ಸಮವಲ್ಲದ ಬಣ್ಣಗಳೂ ಇವೆ. ಅದನ್ನು ಹೇಳಲು ನಿಮ್ಮ ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆ ಇದೆ, ರೇಷ್ಮೆ ಹುಳು. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ವೈ. ಹಕ್ಕಿಯಲ್ಲೂ ರೇಷ್ಮೆ ಹುಳುವಿನಲ್ಲೂ ಇದು ತಿರುವುಮುರುವು. ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಮೈಮೇಲೆ ಗುರುತಿದ್ದರೆ ಹೆಣ್ಣು, ಬೋಳಾದರೆ ಗಂಡು ಎಂದು ಹುಳುವಿದ್ದಾಗಲೇ ಬೇರ್ಪಡಿಸಲು ಬರುವ ರೇಷ್ಮೆ ತಳಿಗಳನ್ನು ಈ ಡಬ್ಲ್ಯೂ ಬಳಸಿಯೇ ಮಾಡಿದ್ದು. ನವಿಲಿನ ‘ಕೇಮಿಯೋ’ ಎಂಬ ಬಣ್ಣ ಝಡ್ ಮೇಲೆ ಕೂತಿದೆ. ಹಾಲು ಹೆಚ್ಚಾದ ಕಾಫಿಯ ಬಣ್ಣ, ಗಂಡಿನಲ್ಲೂ ಮಿರುಗು ಇಲ್ಲ, ಬಿಸಿಲಿಗೆ ಇನ್ನಷ್ಟು ಮಾಸುತ್ತದೆ. ಇದು ದುರ್ಬಲ ಗುಣ, ಗಂಡಿಗೆ ಎರಡು ಝಡ್‌ನಲ್ಲೂ ಇದ್ದರೆ ಮಾತ್ರ ಹೊರಗೆ ಕಾಣುತ್ತದೆ. ಹೆಣ್ಣಿಗೆ ಇರುವುದೇ ಒಂದು ಝಡ್, ಅದೂ ಅಪ್ಪನದು. ಅದರಲ್ಲಿ ಕೇಮಿಯೋ ಇದ್ದರೆ ಹಕ್ಕಿ ಕೇಮಿಯೋ, ಇಲ್ಲದಿದ್ದರೆ ಇಲ್ಲ. ಒಳಗೊಳಗೆ ಹೊತ್ತು ತಿರುಗಲು ಹೆಣ್ಣಿಗೆ ಜಾಗವೇ ಇಲ್ಲ. ಹೀಗಾಗಿ ಕೇಮಿಯೋ ಗಂಡಿಗೂ ನೀಲಿ ಬಳಗದ ಹೆಣ್ಣಿಗೂ ಹುಟ್ಟಿದ ಮರಿಗಳಲ್ಲಿ ಹೆಣ್ಣೆಲ್ಲ ಕೇಮಿಯೋ, ಗಂಡೆಲ್ಲ ನೀಲಿ. ಮೊಟ್ಟೆಯೊಡೆದ ದಿನವೇ ತುಪ್ಪುಳದ ಬಣ್ಣ ನೋಡಿ ಗಂಡು ಹೆಣ್ಣು ಹೇಳಬಹುದು. ಅದನ್ನೇ ತಿರುಗಿಸಿ ಕೇಮಿಯೋ ಹೆಣ್ಣಿಗೆ ನೀಲಿ ಗಂಡನ್ನು ಕೂಡಿಸಿದರೆ ಒಂದೂ ಕೇಮಿಯೋ ಹುಟ್ಟುವುದಿಲ್ಲ. ನಿಮ್ಮ ಮರಿಯ ಬಿಳಿಗೆ ಈ ಗೊಡವೆ ಇಲ್ಲ, ಅದು ಝಡ್ ಮೇಲಿನದಲ್ಲ. ಅಪ್ಪ ಕೊಟ್ಟರೂ ಒಂದೇ, ಅಮ್ಮ ಕೊಟ್ಟರೂ ಒಂದೇ.

ಮಗಳ ಫೋನಿನ ನವಿಲುಗಳು. ನೇರಳೆ ನಿಜ, ಅದೂ ಝಡ್ ಮೇಲಿನ ಬಣ್ಣವೇ. ಕಂಚು, ಇದ್ದಿಲು ಬೂದು, ಓಪಲ್ ಎಂದೆಲ್ಲ ಕರೆಯುವ ಬಣ್ಣಗಳೂ ನಿಜ. ಬಹುಪಾಲು ಅಮೆರಿಕದ ಸಾಕುವವರ ಹಿಂಡುಗಳಲ್ಲಿ ಹುಟ್ಟಿದವು, ಅಲ್ಲಿ ನವಿಲು ಕೋಳಿಯಂತೆ ಸಾಕುವ ಹಕ್ಕಿ. ಆದರೆ ದಾಸವಾಳದಂಥ ಕೆಂಪು ನವಿಲು, ಗುಲಾಬಿ ನವಿಲು ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಮೆಲನಿನ್ ಹೆಚ್ಚಾಗಲಿ, ಕಡಿಮೆಯಾಗಲಿ, ಆ ಕೆಂಪು ಬರುವುದಿಲ್ಲ. ಫೋಟೊದಲ್ಲಿ ಕತ್ತು, ಸೋಗೆ, ತುರಾಯಿ ಎಲ್ಲ ಒಂದೇ ಬಣ್ಣ ಹೊಳೆಯುತ್ತಿದ್ದರೆ ನಂಬಬೇಡಿ ಎಂದು ಮಗಳಿಗೆ ಹೇಳಿ.

ಇದರ ಜೊತೆ ಒಂದು ಹಕ್ಕಿಯನ್ನು ಹೇಳಲೇಬೇಕು, ಏಕೆಂದರೆ ಅದರ ಮರಿಯನ್ನು ಬಿಳಿ ನವಿಲಿನ ಮರಿ ಎಂದು ನಂಬಿ ಮೋಸಹೋಗುವವರು ಬಹಳ. ಮಾಮೂಲಿ ಗಂಡಿನ ಹೆಗಲ ಮೇಲಿನ ಗರಿಗಳಲ್ಲಿ ಕಪ್ಪು ಮತ್ತು ತಿಳಿ ಬಣ್ಣದ ಪಟ್ಟೆ ಇರುತ್ತದೆ. ಕೆಲವು ಗಂಡುಗಳಲ್ಲಿ ಅದು ಪಟ್ಟೆಯಿಲ್ಲದ ಮಿರುಗುಗಪ್ಪು, ಹೆಣ್ಣಿನಲ್ಲಿ ಕೆನೆಬಿಳಿ ಮೈಗೆ ಕಪ್ಪು ಚುಕ್ಕೆ, ಮರಿಯಲ್ಲಿ ತಿಳಿಹಳದಿ ತುಪ್ಪುಳ. ಇದು ‘ಬ್ಲ್ಯಾಕ್ ಶೋಲ್ಡರ್’. 1860ರಲ್ಲಿ ಸ್ಕ್ಲೇಟರ್ ಎಂಬ ಹೆಸರಾಂತ ಪಕ್ಷಿತಜ್ಞ ಇದನ್ನು ಬೇರೆಯೇ ಪ್ರಭೇದವೆಂದು ಹೆಸರಿಟ್ಟ. ಡಾರ್ವಿನ್ 1868ರಲ್ಲಿ ಒಪ್ಪಲಿಲ್ಲ. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಮಾಮೂಲಿ ನವಿಲುಗಳ ಹಿಂಡಿನಲ್ಲೇ ಇಂಥವು ದಿಢೀರನೆ ಹುಟ್ಟಿದ ಪ್ರಸಂಗಗಳನ್ನು ಕಲೆಹಾಕಿ, ಇದು ಅದೇ ಹಕ್ಕಿಯ ಇನ್ನೊಂದು ರೂಪ ಎಂದ. ಡಾರ್ವಿನ್‌ಗೆ ಮೆಂಡೆಲ್‌ನ ಲೆಕ್ಕ ಗೊತ್ತಿರಲಿಲ್ಲ. ನಮಗೆ ಗೊತ್ತು: ಇದೊಂದು ದುರ್ಬಲ ಗುಣ, ಎರಡೂ ಪ್ರತಿ ಸೇರಿದಾಗ ಮಾತ್ರ ಹೊರಬೀಳುತ್ತದೆ, ಅದಕ್ಕೇ ದಿಢೀರನೆ ಕಂಡದ್ದು. ಪೂರ್ತಿ ಬಿಳಿಯಾದ ಹಕ್ಕಿಯೂ ಒಳಗೆ ಬ್ಲ್ಯಾಕ್ ಶೋಲ್ಡರ್ ಆಗಿರಬಹುದು, ಕೇಮಿಯೋ ಆಗಿರಬಹುದು. ಬಿಳಿ ಎಲ್ಲದರ ಮೇಲೂ ತೆರೆ ಎಳೆದಿರುತ್ತದೆ. ಮರಿ ಹುಟ್ಟುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ, ನೀವು ಕೇಳದೆ ಇದ್ದರೂ ಹೇಳಬೇಕಾದದ್ದು. ಇಂಥ ಮರಿ ಕಂಡಿದೆ ಎಂಬ ಸುದ್ದಿ ಹಬ್ಬಿದರೆ ಕೊಳ್ಳುತ್ತೇನೆ ಎಂದು ಬರುವವರು ಇರುತ್ತಾರೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಿಡಿದರೆ ಕನಿಷ್ಠ 3 ವರ್ಷ ಜೈಲು. ಬಿಳಿಯಾದರೂ ಮಚ್ಚೆಯಾದರೂ ಅದು ಅದೇ ನವಿಲು, ಕಾಯ್ದೆಗೆ ಬಣ್ಣದ ಭೇದವಿಲ್ಲ. ಹೊಲದಲ್ಲಿ ಸಿಕ್ಕ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುವುದೂ ತಪ್ಪು. ತಾನಾಗಿ ಉದುರಿದ ಸೋಗೆಗರಿ ಇಟ್ಟುಕೊಳ್ಳಲು ಮಾತ್ರ ಅಡ್ಡಿಯಿಲ್ಲ.

ನಿಮ್ಮ ಕೈಲಾಗುವ ಕೆಲಸ ನೋಡುವುದು, ಬರೆದಿಡುವುದು. ಮರಿ ರೆಕ್ಕೆ ಬಿಚ್ಚಿದಾಗ ಎರಡೂ ಬದಿಯ ಫೋಟೊ ತೆಗೆಯಿರಿ, ಯಾವ ಯಾವ ಗರಿ ಬಿಳಿ ಎಂದು ಎಣಿಸಿಡಿ. ಮುಂದಿನ ವರ್ಷ ಗರಿ ಬದಲಾದ ಮೇಲೆ ಅದೇ ಗರಿಗಳು ಮತ್ತೆ ಬಿಳಿಯಾಗಿ ಬಂದರೆ ನಾನು ಹೇಳಿದ್ದು ಸರಿ. ಬಿಳಿ ಹೋಗಿ ಕಂದಾಗಿ ಬಂದರೆ ಮೇವಿನ ಕೊರತೆಯೋ ಪೆಟ್ಟೋ ಎಂದು ತಿಳಿಯಿರಿ. ಗಂಡಾಗಿದ್ದರೆ ಎರಡನೆಯ ವರ್ಷ ಮೋಟು ಸೋಗೆ ಬರುತ್ತದೆ, ಕಣ್ಣುಗಳಿರುವ ಸೋಗೆಗೆ ಮೂರನೆಯ ವರ್ಷದವರೆಗೆ ಕಾಯಬೇಕು. ಆಗ ಸೋಗೆಯ ಕಣ್ಣುಗಳಲ್ಲಿ ಕೆಲವು ಬಿಳಿಯಾಗಿದ್ದರೆ ನನಗೆ ಮತ್ತೆ ಬರೆಯಿರಿ. ‘ವೈಟ್ ಐ’ ಎಂಬುದು ಬೇರೆಯೇ ಜೀನು, ಅದು ಕಂಡರೆ ಮೇಲಿನ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ.